ರೇಸ್ ಕೋರ್ಸ್ ಕಂಪನಿ ಕೈಗೆ ಹೋದರೆ ಕುದುರೆ ಯಾರ ಕೈಗೆ?

ಹುರುಳಿಕಾಳು
ನಾಲ್ಕು ವರ್ಷ ಶಿಕಾಗೋ ಪಕ್ಕ ಕೆಲಸದಲ್ಲಿದ್ದೆ. ಶನಿವಾರ ಬಂತೆಂದರೆ ಆರ್ಲಿಂಗ್ಟನ್ ಪಾರ್ಕ್ ರೇಸ್ ಕೋರ್ಸ್. ಬಾಜಿ ಕಟ್ಟುತ್ತಿದ್ದುದು ಕಡಿಮೆ, ಪ್ಯಾಡಕ್ (ರೇಸಿಗೆ ಮುಂಚೆ ಕುದುರೆ ತೋರಿಸುವ ಅಂಗಳ) ಕಂಬಿ ಹಿಡಿದುಕೊಂಡು ಕುದುರೆ ನೋಡುತ್ತಾ ನಿಲ್ಲುತ್ತಿದ್ದುದೇ ಜಾಸ್ತಿ. ಮೊನ್ನೆ ಹಳೇ ಫೋನಿನಲ್ಲಿದ್ದ ಫೋಟೋಗಳು ಕಣ್ಣಿಗೆ ಬಿದ್ದವು. ಅವತ್ತಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1927ರಲ್ಲಿ ಶುರುವಾದ ಕೋರ್ಸ್ ಅದು. 1985ರ ಜುಲೈ 31ಕ್ಕೆ ಗ್ರ್ಯಾಂಡ್‌ಸ್ಟ್ಯಾಂಡ್ ಪೂರ್ತಿ ಸುಟ್ಟುಹೋಯಿತು. ಆದರೂ 25 ದಿನಕ್ಕೆ ಅದೇ ಜಾಗದಲ್ಲಿ ಟೆಂಟು, ತಾತ್ಕಾಲಿಕ ಅಟ್ಟಣಿಗೆ ಹಾಕಿ ಆರ್ಲಿಂಗ್ಟನ್ ಮಿಲಿಯನ್ ರೇಸ್ ಓಡಿಸಿದರು. 35 ಸಾವಿರ ಜನ ಬಂದಿದ್ದರಂತೆ. ಆಗಿನ ಮಾಲೀಕ ರಿಚರ್ಡ್ ಡುಶೊಸ್ವಾ 1989ರಲ್ಲಿ ಹೊಸ ಕಟ್ಟಡ ತೆರೆದರು. ಎಷ್ಟು ಚೆಂದ ಇತ್ತು ಅಂತೀರಿ! 2000ದಲ್ಲಿ ಅದು ಚರ್ಚಿಲ್ ಡೌನ್ಸ್ ಕಂಪನಿಯ ಜೊತೆ ವಿಲೀನವಾಯಿತು. ಕೆಂಟಕಿ ಡರ್ಬಿ ನಡೆಸುವ ಕಂಪನಿ, ಶೇರು ಮಾರುಕಟ್ಟೆಯಲ್ಲಿರುವ ಕಂಪನಿ.

ರೇಸ್ ಕೋರ್ಸಿನಲ್ಲೇ ಕ್ಯಾಸಿನೋ ಇಡಲು ಬಿಡಿ ಎಂದು ರೇಸಿನವರು ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದ್ದರು. 2019ರಲ್ಲಿ ಇಲಿನಾಯ್ ಸರ್ಕಾರ ಕೊನೆಗೂ ಒಪ್ಪಿತು. ಕಂಪನಿ ಅರ್ಜಿಯನ್ನೇ ಹಾಕಲಿಲ್ಲ! ಅಷ್ಟರಲ್ಲಿ ಹತ್ತಿರದ ರಿವರ್ಸ್ ಕ್ಯಾಸಿನೋದಲ್ಲಿ ಶೇ. 60ಕ್ಕೂ ಜಾಸ್ತಿ ಪಾಲು ಅವರದೇ ಆಗಿತ್ತು. ತನ್ನ ಅಂಗಡಿಗೆ ತಾನೇ ಯಾಕೆ ಪೈಪೋಟಿ ಕೊಡಬೇಕು, ಅಲ್ವಾ? 2021ರ ಸೆಪ್ಟೆಂಬರ್ 25ಕ್ಕೆ ಕೊನೆಯ ರೇಸ್. 2023ರಲ್ಲಿ 326 ಎಕರೆಯನ್ನು 19.72 ಕೋಟಿ ಡಾಲರ್‌ಗೆ ಶಿಕಾಗೋ ಬೇರ್ಸ್ ಫುಟ್‌ಬಾಲ್ ತಂಡಕ್ಕೆ ಮಾರಿದರು. ಕಟ್ಟಡ ಕೆಡವಿಯೂ ಆಯಿತು.

ನನ್ನ ಪ್ರಶ್ನೆ ಇಷ್ಟೇ. ರೇಸ್ ಕೋರ್ಸುಗಳನ್ನು ಇಂಥ ಕಂಪನಿಗಳ ಕೈಗೆ ಕೊಡುವುದೇ ತಪ್ಪಾ? ಅಥವಾ ನಾನು ಹಳೇ ನೆನಪು ಹಿಡಿದುಕೊಂಡು ಸುಮ್ನೆ ಗೋಳಾಡುತ್ತಿದ್ದೇನಾ?

ನಾಗಾಲೋಟ
ತಪ್ಪು. ನೂರಕ್ಕೆ ನೂರು ತಪ್ಪು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು.

ಲೆಕ್ಕದಮೇಷ್ಟ್ರು
ಹುರುಳಿಕಾಳು ಅವರೇ, ನಿಮ್ಮ ದುಃಖ ಅರ್ಥವಾಗುತ್ತದೆ. ಆದರೆ ಅರ್ಧ ಕಥೆ ಹೇಳಿದ್ದೀರಿ. ಅರ್ಜಿ ಹಾಕದೆ ಇದ್ದುದಕ್ಕೆ ಕಂಪನಿ ಕಾರಣ ಕೊಟ್ಟಿತ್ತು. ರೇಸಿನ ಬಹುಮಾನಕ್ಕೆ ಕೊಡಬೇಕಾದ ಪಾಲನ್ನೂ ಸೇರಿಸಿದರೆ ರೇಸ್ ಕೋರ್ಸ್ ಕ್ಯಾಸಿನೋ ಮೇಲಿನ ಹೊರೆ ಬೇರೆ ಕ್ಯಾಸಿನೋಗಳಿಗಿಂತ ಜಾಸ್ತಿಯಾಗುತ್ತಿತ್ತು, ಲೆಕ್ಕಕ್ಕೆ ಬರುವುದಿಲ್ಲ ಎಂದಿತ್ತು. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಇನ್ನೊಂದು ಮುಖವನ್ನೂ ನೋಡಿ. ಅದೇ ಕಂಪನಿ ತನ್ನ ಮನೆಯಲ್ಲಿ, ಅಂದರೆ ಕೆಂಟಕಿಯ ಲೂಯಿವಿಲ್‌ನಲ್ಲಿರುವ ಚರ್ಚಿಲ್ ಡೌನ್ಸ್ ಕೋರ್ಸಿನಲ್ಲಿ ಏನು ಮಾಡಿದೆ? ಡರ್ಬಿಯ ಬಹುಮಾನ 2024ರಲ್ಲಿ 50 ಲಕ್ಷ ಡಾಲರ್ ಆಯಿತು. ಒಂದೂ ರೇಸ್ ಗೆಲ್ಲದ ಕುದುರೆಗಳ ಮೇಡನ್ ರೇಸಿಗೂ ಅಲ್ಲಿ ಒಂದು ಲಕ್ಷ ಡಾಲರ್ ಮೇಲೆ ಇಡುತ್ತಾರೆ. ಹೊಸ ಪ್ಯಾಡಕ್‌ಗೆ ಸುಮಾರು 20 ಕೋಟಿ ಡಾಲರ್ ಸುರಿದಿದ್ದಾರೆ. ಕುದುರೆ ಮಾಲೀಕರು, ಟ್ರೈನರ್‌ಗಳು ಬೇರೆ ರಾಜ್ಯ ಬಿಟ್ಟು ಕೆಂಟಕಿಗೆ ಹೋಗುತ್ತಿರುವುದು ಸುಮ್ನೆ ಅಲ್ಲ. ಯಾವ ಹಳೇ ಕಾಲದ ದೊಡ್ಡಮನುಷ್ಯರ ಕ್ಲಬ್ ಇಷ್ಟು ದುಡ್ಡು ತರುತ್ತಿತ್ತು?

ಕಡಿವಾಣ
ಮೇಷ್ಟ್ರೇ, ಆ ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ಹೇಳಿಬಿಡಿ. ಕುದುರೆ ಓಟದಿಂದ ಅಲ್ಲ, ಹಿಸ್ಟಾರಿಕಲ್ ರೇಸಿಂಗ್ ಮೆಷೀನಿನಿಂದ.

ಸುಮ್ನೆಓದುಗ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಿಸ್ಟಾರಿಕಲ್ ರೇಸಿಂಗ್ ಅಂದರೆ ಏನು? ಹಳೇ ರೇಸಿನ ವಿಡಿಯೋ ಹಾಕಿ ಬಾಜಿ ಕಟ್ಟಿಸುತ್ತಾರಾ?

ಲೆಕ್ಕದಮೇಷ್ಟ್ರು
ತಮಾಷೆಗೆ ಕೇಳಿದಿರೋ ಏನೋ, ನಿಜವಾಗಿಯೂ ಹಾಗೇ! ಎಂದೋ ಮುಗಿದ ಸಾವಿರಾರು ರೇಸುಗಳ ಫಲಿತಾಂಶ ಮೆಷೀನಿನೊಳಗೆ ಇರುತ್ತದೆ. ನೀವು ಗುಂಡಿ ಒತ್ತುತ್ತೀರಿ, ಅದು ಯಾವುದೋ ಒಂದು ಹಳೇ ರೇಸನ್ನು ಹೆಸರು ಮುಚ್ಚಿಟ್ಟು ಎತ್ತಿಕೊಳ್ಳುತ್ತದೆ, ಫಲಿತಾಂಶದ ಪ್ರಕಾರ ಸೋಲು ಗೆಲುವು. ಹೊರಗಿನಿಂದ ನೋಡಿದರೆ ಅಪ್ಪಟ ಸ್ಲಾಟ್ ಮೆಷೀನ್, ಅದೇ ಬಣ್ಣ, ಅದೇ ಟಿಂಗ್ ಟಿಂಗ್. ರೇಸಿನ ವಿಡಿಯೋ ಮೂಲೆಯಲ್ಲಿ ಎರಡು ಸೆಕೆಂಡ್ ಚಿಕ್ಕದಾಗಿ ಬಂದು ಹೋಗುತ್ತದೆ. 2000ದಲ್ಲಿ ಆರ್ಕನ್ಸಾದ ಓಕ್‌ಲಾನ್ ಕೋರ್ಸಿನಲ್ಲಿ ಶುರುವಾಯಿತು, 2011ಕ್ಕೆ ಕೆಂಟಕಿಗೆ ಬಂತು. 2020ರಲ್ಲಿ ಕೆಂಟಕಿ ಸುಪ್ರೀಂ ಕೋರ್ಟ್ ಇದು ರೇಸ್ ಬಾಜಿಯ ವ್ಯಾಖ್ಯೆಗೆ ಬರುವುದಿಲ್ಲ ಎಂದಿತು. ಮರುವರ್ಷವೇ ಶಾಸಕರು ವ್ಯಾಖ್ಯೆಯನ್ನೇ ಬದಲಾಯಿಸಿಬಿಟ್ಟರು.

ಆದರೆ ಅದರ ಒಂದು ಪಾಲು ಕಾನೂನಿನ ಪ್ರಕಾರ ಬಹುಮಾನದ ಹಣಕ್ಕೆ ಹೋಗುತ್ತದೆ, ಅದನ್ನು ಮರೆಯಬೇಡಿ.

ಸುಮ್ನೆಓದುಗ
ಅಂದರೆ ಸತ್ತ ಕುದುರೆಯೂ ದುಡ್ಡು ದುಡಿಯುತ್ತದೆ. ಅಬ್ಬಾ.

ಕಡಿವಾಣ
ಸರಿಯಾಗಿ ಹೇಳಿದಿರಿ ಸುಮ್ನೆಓದುಗ. ಮೇಷ್ಟ್ರು ಹೇಳಿದ ‘ಒಂದು ಪಾಲು’ ಇದೆಯಲ್ಲ, ಜಗಳ ಇರುವುದೇ ಅಲ್ಲಿ. ಕುದುರೆ ಓಡಿಸಿದರೆ ಮಾತ್ರ ಜೂಜಿನ ಲೈಸೆನ್ಸ್ ಎಂದು ಕಾನೂನು ಹೇಳುವವರೆಗೆ ಕಂಪನಿಗೆ ಕುದುರೆ ಬೇಕು. ಆ ಗಂಟು ಬಿಚ್ಚಿದ ದಿನ ಕುದುರೆ ಖರ್ಚಿನ ಬಾಬ್ತು ಆಗುತ್ತದೆ. ಅವರ ಭಾಷೆಯಲ್ಲಿ ಇದಕ್ಕೆ ಡಿಕಪ್ಲಿಂಗ್ ಎನ್ನುತ್ತಾರೆ.

ಫ್ಲೋರಿಡಾ ನೋಡಿ. ಮಯಾಮಿ ಹತ್ತಿರದ ಕ್ಯಾಲ್ಡರ್ ಕೋರ್ಸ್ 1999ರಲ್ಲಿ ಚರ್ಚಿಲ್ ಡೌನ್ಸ್ ಕೈಗೆ ಬಂತು. 2010ರಲ್ಲಿ ಕ್ಯಾಸಿನೋ ತೆರೆದರು. 2014ರಲ್ಲಿ ರೇಸ್ ನಡೆಸುವ ಕೆಲಸವನ್ನು ಪಕ್ಕದ ಗಲ್ಫ್‌ಸ್ಟ್ರೀಮ್‌ನವರಿಗೆ ಗುತ್ತಿಗೆ ಕೊಟ್ಟರು. ಆಮೇಲೆ ಗ್ರ್ಯಾಂಡ್‌ಸ್ಟ್ಯಾಂಡ್ ಕೆಡವಿದರು. ಗ್ರ್ಯಾಂಡ್‌ಸ್ಟ್ಯಾಂಡೇ ಇಲ್ಲದ ರೇಸ್ ಕೋರ್ಸ್! ಜನ ಬರಲಿ ಎಂಬ ಆಸೆಯೇ ಇಲ್ಲ ಅಂತ ತಾನೇ ಅರ್ಥ? 2020ಕ್ಕೆ ಅದೂ ಮುಗಿಯಿತು. ಕ್ಯಾಸಿನೋ ಮಾತ್ರ ನಡೆಯುತ್ತಲೇ ಇದೆ, ಹಾಯ್ ಅಲಾಯ್ ಎಂಬ ಚೆಂಡಾಟದ ಲೈಸೆನ್ಸ್ ಇಟ್ಟುಕೊಂಡು. 2021ರಲ್ಲಿ ಅದೇ ರಾಜ್ಯ ಹಾರ್ನೆಸ್ ರೇಸಿಂಗಿಗೆ (ಕುದುರೆ ಹಿಂದೆ ಪುಟ್ಟ ಗಾಡಿ ಕಟ್ಟಿ ಓಡಿಸುವುದು) ಗಂಟು ಬಿಚ್ಚಿತು. 1964ರಿಂದ ಇದ್ದ ಪಾಂಪನೋ ಪಾರ್ಕ್ 2022ರ ಏಪ್ರಿಲ್‌ನಲ್ಲಿ ಮುಚ್ಚಿತು, ಒಂದು ವರ್ಷವೂ ತಡೆಯಲಿಲ್ಲ.

ಲಾಸ್ ಏಂಜಲಿಸ್ ಹತ್ತಿರದ ಹಾಲಿವುಡ್ ಪಾರ್ಕ್‌ ಕೋರ್ಸಿನದೂ ಅದೇ ಹಾಡು. ಚರ್ಚಿಲ್ ಡೌನ್ಸ್ ಕೊಂಡಿತು, ಸ್ಟೇಡಿಯಂ ಕಟ್ಟುವವರಿಗೆ ಮಾರಿತು, ಈಗ ಅಲ್ಲಿ ಸೋಫೈ ಸ್ಟೇಡಿಯಂ.

ಫೋಟೋಫಿನಿಶ್
ಕಡಿವಾಣ, ಕೊನೆಯದು ತಪ್ಪು. ಸ್ಟೇಡಿಯಂನವರಿಗೆ ಮಾರಲಿಲ್ಲ. 1999ರಲ್ಲಿ 14 ಕೋಟಿ ಡಾಲರ್‌ಗೆ ಕೊಂಡು, 2005ರಲ್ಲಿ 26 ಕೋಟಿಗೆ ಬೇ ಮೆಡೋಸ್ ಲ್ಯಾಂಡ್ ಕಂಪನಿಗೆ ಮಾರಿದರು. ಅವರ ಹೆಸರಿನಲ್ಲೇ ‘ಲ್ಯಾಂಡ್’ ಇದೆ, ಉದ್ದೇಶ ಮುಚ್ಚಿಟ್ಟಿರಲಿಲ್ಲ ಪಾಪ. ತಮ್ಮದೇ ಬೇ ಮೆಡೋಸ್ ಕೋರ್ಸನ್ನು 2008ರಲ್ಲಿ ಮುಚ್ಚಿದರು. ಹಾಲಿವುಡ್ ಪಾರ್ಕ್ 2013ರ ಡಿಸೆಂಬರ್ 22ರವರೆಗೆ ಓಡಿತು. ಸ್ಟೇಡಿಯಂ ಯೋಜನೆ ಬಂದದ್ದು ಅದಾದ ಮೇಲೆ.

ಕಡಿವಾಣ
ಒಪ್ಪಿದೆ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆರು ವರ್ಷದಲ್ಲಿ 14 ಕೋಟಿ 26 ಆಯಿತಲ್ಲ, ಅಷ್ಟು ಲಾಭ ಯಾವ ಕುದುರೆ ಕೊಟ್ಟಿದೆ ಹೇಳಿ.

ಪಂಟರ್‌ಪುಟ್ಟಣ್ಣ
ಎಲ್ಲರೂ ನೆಲ, ಕಟ್ಟಡ ಅಂತ ಅಳುತ್ತಿದ್ದೀರಿ. ಬಾಜಿ ಕಟ್ಟುವವನ ಜೇಬಿನ ಕಥೆ ಯಾರೂ ಎತ್ತಲಿಲ್ಲ. ನಾನು ಆನ್‌ಲೈನಿನಲ್ಲಿ ರೇಸ್ ನೋಡುವ ಹುಚ್ಚ, ಆಟದ ಲೆಕ್ಕ ಬರೆದಿಡುವ ಅಭ್ಯಾಸ ಇದೆ. ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಟೋಟ್ ಪದ್ಧತಿಯಲ್ಲಿ ಎಲ್ಲರ ದುಡ್ಡೂ ಒಂದು ಪೂಲಿಗೆ ಬೀಳುತ್ತದೆ. ಮೊದಲು ಕೋರ್ಸಿನವರು ತಮ್ಮ ಪಾಲು ತೆಗೆಯುತ್ತಾರೆ, ಉಳಿದಿದ್ದು ಗೆದ್ದವರಿಗೆ. ಆ ಪಾಲಿಗೆ ಟೇಕ್‌ಔಟ್ ಎನ್ನುತ್ತಾರೆ. 2014ರಲ್ಲಿ ಚರ್ಚಿಲ್ ಡೌನ್ಸ್ ಕೋರ್ಸಿನಲ್ಲಿ ಇದನ್ನು ವಿನ್, ಪ್ಲೇಸ್ (ಕುದುರೆ ಮೊದಲು ಬರುತ್ತದೆ, ಮೊದಲೆರಡರಲ್ಲಿ ಬರುತ್ತದೆ ಎನ್ನುವ) ಬಾಜಿಗೆ ಶೇ. 16ರಿಂದ 17.5ಕ್ಕೆ, ಎರಡು ಮೂರು ಕುದುರೆ ಸೇರಿಸಿ ಆಡುವ ಬಾಜಿಗೆ ಶೇ. 19ರಿಂದ 22ಕ್ಕೆ ಏರಿಸಿದರು. ಪಂಟರ್‌ಗಳು ಬಹಿಷ್ಕಾರ ಹಾಕಿದರು. ಡರ್ಬಿ ದಿನ ಮಾತ್ರ ಯಾರು ಬಹಿಷ್ಕಾರ ಹಾಕುತ್ತಾರೆ ಹೇಳಿ? ಅದು ಕಂಪನಿಗೂ ಗೊತ್ತು.

ಅದರ ಮೇಲೆ ಬ್ರೇಕೇಜ್ ಅಂತ ಇನ್ನೊಂದು. ಒಂದು ಡಾಲರ್‌ಗೆ 2.69 ಬರಬೇಕಿದ್ದರೆ 2.60 ಕೊಟ್ಟು ಒಂಬತ್ತು ಸೆಂಟ್ ಇಟ್ಟುಕೊಳ್ಳುವುದು. ಚಿಲ್ಲರೆ ಇಲ್ಲದ ಕಾಲದ ರೂಢಿ, ಕಂಪ್ಯೂಟರ್ ಬಂದ ಮೇಲೂ ಬಿಡಲಿಲ್ಲ. ಕೆಂಟಕಿ ಮಾತ್ರ 2022ರಲ್ಲಿ ಕಾನೂನು ಮಾಡಿ ಸೆಂಟ್ ಲೆಕ್ಕದಲ್ಲೇ ಕೊಡಿ ಎಂದಿತು.

ಇವೆಲ್ಲ ಹೋಗಲಿ, ನಿಜವಾದ ತಲೆನೋವು ಕಂಪ್ಯೂಟರ್ ತಂಡಗಳದು. ಪ್ರೋಗ್ರಾಂ ಇಟ್ಟುಕೊಂಡು ಕೊನೇ ಸೆಕೆಂಡುಗಳಲ್ಲಿ ಲಕ್ಷಗಟ್ಟಲೆ ಸುರಿಯುತ್ತಾರೆ, ಕೋರ್ಸಿನವರು ಅವರಿಗೆ ರಿಯಾಯಿತಿ ಕೊಡುತ್ತಾರೆ. ನಾನು ಒಂದಕ್ಕೆ ಆರು ಅಂತ ನೋಡಿ ಕಟ್ಟಿರುತ್ತೇನೆ. ಗೇಟ್ ತೆರೆದು ಕುದುರೆ ಮೊದಲ ತಿರುವು ದಾಟುವಷ್ಟರಲ್ಲಿ ಪರದೆ ಮೇಲೆ ಅದು ಒಂದಕ್ಕೆ ಮೂರು ಆಗಿರುತ್ತದೆ. ಗೆದ್ದೂ ಸೋತ ಹಾಗೆ. ಟ್ರ್ಯಾಕ್ ಕಂಪನಿಗಳಿಗೇ ಇಂಥ ಬಾಜಿ ಸೇವೆಗಳಲ್ಲಿ ಪಾಲಿದ್ದರೆ ನನ್ನ ಪರವಾಗಿ ಯಾರು ಮಾತಾಡುತ್ತಾರೆ? ಲಾಭದ ಉದ್ದೇಶವಿಲ್ಲದ ನ್ಯೂಯಾರ್ಕ್ ರೇಸಿಂಗ್ ಅಸೋಸಿಯೇಷನ್‌ನವರು 2021ರಲ್ಲಿ ವಿನ್ ಪೂಲಿನಿಂದ ಇವರನ್ನು ರೇಸಿಗೆ ಎರಡು ನಿಮಿಷ ಮುಂಚೆಯೇ ಹೊರಗಿಟ್ಟರು. ಮನಸ್ಸಿದ್ದರೆ ಆಗುತ್ತದೆ ಅಂತಾಯಿತಲ್ಲ.

ಗಿರಿಜಕ್ಕ
ನೀವೆಲ್ಲ ಓದಿದವರು, ಬುದ್ಧಿವಂತರು. ಆದರೂ ಕೇಳುತ್ತೇನೆ. ಜೂಜಿನ ಅಡ್ಡೆ ಒಂದು ಮುಚ್ಚಿದರೆ ಅಳುವುದೇನಿದೆ? ಕಂಪನಿಯದಾದರೇನು, ಕ್ಲಬ್ಬಿನದಾದರೇನು, ಮನೆ ಹಾಳಾಗುವುದು ಆಡುವವನದೇ.

ಪಂಟರ್‌ಪುಟ್ಟಣ್ಣ
ಗಿರಿಜಕ್ಕಾ, ನಿಮ್ಮ ಮಾತು ಸುಳ್ಳಲ್ಲ. ನಮ್ಮನೆಯವಳೂ ಇದನ್ನೇ ಹೇಳುತ್ತಾಳೆ, ಇಷ್ಟು ಮರ್ಯಾದೆಯಿಂದ ಅಲ್ಲ ಅಷ್ಟೇ.

ಕಡಿವಾಣ
ಅಕ್ಕಾ, ಒಂದು ವ್ಯತ್ಯಾಸ ಇದೆ. ಕೋರ್ಸ್ ಮುಚ್ಚಿದರೆ ಜೂಜು ನಿಲ್ಲುತ್ತಿಲ್ಲ. ಕುದುರೆ ಹೋಗಿ ಆ ಜಾಗದಲ್ಲಿ ಮೆಷೀನ್ ಕೂರುತ್ತದೆ. ರೇಸಿನಲ್ಲಿ ಎರಡು ರೇಸಿನ ಮಧ್ಯೆ ಅರ್ಧ ಗಂಟೆಯಾದರೂ ಸಿಗುತ್ತದೆ, ಯೋಚನೆ ಮಾಡಬಹುದು. ಮೆಷೀನಿನಲ್ಲಿ ನಾಲ್ಕು ಸೆಕೆಂಡಿಗೆ ಒಂದು ಬಾಜಿ.

ಲಾಯದಹುಡುಗಿ
ಎಲ್ಲ ಓದಿದೆ. ನಾನು ಎರಡು ಸೀಸನ್ ಹೊರದೇಶದ ಒಂದು ಕೋರ್ಸಿನಲ್ಲಿ ಪಶುವೈದ್ಯರ ಕೈಕೆಳಗೆ ಕೆಲಸ ಮಾಡಿದ್ದೇನೆ. ಹೆಸರು ಬೇಡ. ನೀವ್ಯಾರೂ ಹೇಳದ ಎರಡು ವಿಷಯ ಇದೆ.

ಮೊದಲನೆಯದು ಜನ. ಅಮೆರಿಕದ ದೊಡ್ಡ ಕೋರ್ಸುಗಳಲ್ಲಿ ಲಾಯದ ಕೆಲಸದವರು ಎಷ್ಟೋ ಮಂದಿ ಕೋರ್ಸಿನೊಳಗೇ, ಲಾಯದ ಪಕ್ಕದ ಕೋಣೆಗಳಲ್ಲೇ ಇರುತ್ತಾರೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಮೇವು ಹಾಕುವವರು, ಕಾಲಿಗೆ ಬ್ಯಾಂಡೇಜು ಸುತ್ತುವವರು, ಓಡಿ ಬಂದ ಕುದುರೆಯನ್ನು ಬೆವರು ಆರುವ ತನಕ ನಡೆಸುವವರು. ಕೋರ್ಸ್ ಮುಚ್ಚಿತು ಅಂದರೆ ಅವರಿಗೆ ಒಂದೇ ದಿನ ಕೆಲಸವೂ ಇಲ್ಲ, ಮನೆಯೂ ಇಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಗೋಲ್ಡನ್ ಗೇಟ್ ಫೀಲ್ಡ್ಸ್ ಕೋರ್ಸ್ 2024ರ ಜೂನ್ 9ಕ್ಕೆ ಮುಚ್ಚಿದಾಗ ಅದರ ಮಾಲೀಕರಾದ ಸ್ಟ್ರೋನಾಕ್ ಕಂಪನಿ ಹೇಳಿದ್ದು, ಎಲ್ಲ ದಕ್ಷಿಣಕ್ಕೆ ಸಾಂಟಾ ಅನಿಟಾಗೆ ಬರಲಿ, ಒಂದೇ ಕಡೆ ಗಟ್ಟಿ ಮಾಡೋಣ ಎಂದು. ನಕಾಶೆಯಲ್ಲಿ ಒಂದು ಬೆರಳು ಉದ್ದ ಅಷ್ಟೇ. ಮಕ್ಕಳು ಶಾಲೆಗೆ ಹೋಗುವ ಮನೆಗೆ ಅದು ಬೇರೆಯೇ ಲೋಕ. ಅಲ್ಲಿ ಓಡುತ್ತಿದ್ದ ಸಾಧಾರಣ ಕುದುರೆಗಳೆಲ್ಲ ದಕ್ಷಿಣದಲ್ಲಿ ಗೆಲ್ಲುವಂಥವೂ ಅಲ್ಲ.

ಎರಡನೆಯದು ಕುದುರೆ. ಸಾಂಟಾ ಅನಿಟಾದಲ್ಲಿ 2018ರ ಡಿಸೆಂಬರ್ ಕೊನೆಯಿಂದ 2019ರ ಜೂನ್‌ವರೆಗಿನ ಸೀಸನ್‌ನಲ್ಲಿ 30 ಕುದುರೆ ಸತ್ತವು. ಆ ಚಳಿಗಾಲ ಮಳೆ ವಿಪರೀತ. ಮಳೆಯಾದರೆ ಟ್ರ್ಯಾಕಿನ ಮಣ್ಣನ್ನು ರೋಲರ್ ಹಾಕಿ ಒತ್ತುತ್ತಾರೆ, ಒಣಗಿದ ಮೇಲೆ ಮತ್ತೆ ಬಿಡಿಸುತ್ತಾರೆ, ಒತ್ತಿ ಬಿಡಿಸಿ ಒತ್ತಿ ಬಿಡಿಸಿ ಮಣ್ಣಿನ ಗುಣವೇ ಕೆಡುತ್ತದೆ. ಅಂಥ ಹೊತ್ತಿನಲ್ಲಿ ರೇಸ್ ಕ್ಯಾನ್ಸಲ್ ಮಾಡುವುದು ಯಾರ ಕೈಲಿ ಇರಬೇಕು? ದಿನಕ್ಕೆ ಇಷ್ಟು ರೇಸ್, ರೇಸಿಗೆ ಇಷ್ಟು ಕುದುರೆ ಇದ್ದರೆ ಬಾಜಿ ಜಾಸ್ತಿ ಎನ್ನುವ ಆಫೀಸಿನ ಕೈಲಂತೂ ಅಲ್ಲ. ನಾನಿದ್ದ ಕೋರ್ಸಿನಲ್ಲಿ ರೇಸಿಂಗ್ ಆಫೀಸಿನವರು ಫೋನ್ ಮಾಡಿ ‘ಇನ್ನೊಂದು ಕುದುರೆ ಹಾಕಿ, ಇಲ್ಲದಿದ್ದರೆ ಮುಂದಿನ ಸೀಸನ್ ಲಾಯ ಕೇಳಬೇಡಿ’ ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ಆ ಟ್ರೈನರ್ ಹಾಕಿದರು. ಕುದುರೆ ಅವತ್ತು ಕುಂಟುತ್ತಾ ಬಂತು, ಬದುಕಿತು, ಮತ್ತೆ ಓಡಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಸಾಂಟಾ ಅನಿಟಾದವರು ಆಮೇಲೆ ತುಂಬಾ ಬದಲಾಯಿಸಿದರು. ಓಟಕ್ಕೆ ಮುಂಚೆ ಪಶುವೈದ್ಯರ ತಪಾಸಣೆ ಬಿಗಿ ಮಾಡಿದರು, ನಿಂತಿರುವ ಕುದುರೆಯ ಕಾಲಿಗೇ ಪೆಟ್ ಸ್ಕ್ಯಾನ್ ಮಾಡುವ ಯಂತ್ರ ತಂದರು. ಸಾವು ಕಡಿಮೆ ಆದವು. ಅಂಥ ಯಂತ್ರ ಕೊಳ್ಳಲು ದುಡ್ಡಿರುವ ಮಾಲೀಕ ಬೇಕು ಅನ್ನುವುದೂ ನಿಜವೇ.

ನಾಗಾಲೋಟ
ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನಿ.

ಲಾಯದಹುಡುಗಿ
ಹಾಕಿದರಲ್ಲ. ಹಾಕದೇ ಇರುವವರೂ ಇದ್ದಾರೆ.

ಲೆಕ್ಕದಮೇಷ್ಟ್ರು
ಲಾಯದಹುಡುಗಿ ಅವರ ಮಾತಿಗೆ ಎದುರಾಡುವುದಿಲ್ಲ. ಒಂದು ಸೇರಿಸುತ್ತೇನೆ. 2023ರಲ್ಲಿ ಡರ್ಬಿ ಆಸುಪಾಸಿನಲ್ಲಿ ಚರ್ಚಿಲ್ ಡೌನ್ಸ್ ಕೋರ್ಸಿನಲ್ಲಿ 12 ಕುದುರೆ ಸತ್ತಾಗ, ಕಂಪನಿ ಆ ಸೀಸನ್ನಿನ ಉಳಿದ ರೇಸುಗಳನ್ನು ಕೆಂಟಕಿಯದೇ ಇನ್ನೊಂದು ಕೋರ್ಸಾದ ಎಲಿಸ್ ಪಾರ್ಕ್‌ಗೆ ಸಾಗಿಸಿತು. ಎಲಿಸ್ ಪಾರ್ಕನ್ನು ಕಂಪನಿ ಹಿಂದಿನ ವರ್ಷವಷ್ಟೇ ಕೊಂಡಿತ್ತು. ಹತ್ತು ಕೋರ್ಸಿಗೆ ಹತ್ತು ಮಾಲೀಕರಿದ್ದರೆ ಹೀಗೆ ಎರಡು ವಾರದಲ್ಲಿ ಗಂಟುಮೂಟೆ ಕಟ್ಟಲು ಆಗುತ್ತಿತ್ತಾ?

ಕಡಿವಾಣ
ಆ ಒಂದು ಉದಾಹರಣೆಗೆ ಮಾರ್ಕ್ಸ್ ಕೊಡುತ್ತೇನೆ ಮೇಷ್ಟ್ರೇ. ಆದರೆ ಅದೇ ಕಂಪನಿ 2010ರಲ್ಲಿ ಪೂಲಿನ ಲೆಕ್ಕ ಹಾಕುವ ಯುನೈಟೆಡ್ ಟೋಟ್ ಕೊಂಡಿತು. 2023ರಲ್ಲಿ ಹಿಸ್ಟಾರಿಕಲ್ ಮೆಷೀನಿನ ವ್ಯವಸ್ಥೆ ಕೊಡುವ ಎಕ್ಸಾಕ್ಟಾ ಕೊಂಡಿತು. ಆನ್‌ಲೈನ್ ಬಾಜಿಯ ಟ್ವಿನ್‌ಸ್ಪೈರ್ಸ್ ಮೊದಲೇ ಅವರದು. ಕೋರ್ಸ್ ಅವರದು, ಕೌಂಟರ್ ಅವರದು, ತಕ್ಕಡಿಯೂ ಅವರದು.

ಫೋಟೋಫಿನಿಶ್
ಇಲ್ಲಿ ಎಲ್ಲರೂ ಒಂದೇ ಕಂಪನಿಗೆ ಬಯ್ಯುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಕಡೆ ಎಳೆಯುತ್ತೇನೆ. ಮಾಲೀಕನಿಗೆ ಕುದುರೆ ಪ್ರೀತಿ ಇದ್ದರೆ ಸಾಕು ಎನ್ನುವವರು ಮ್ಯಾಗ್ನಾ ಕಥೆ ಓದಬೇಕು. ಫ್ರಾಂಕ್ ಸ್ಟ್ರೋನಾಕ್ ಅಪ್ಪಟ ಕುದುರೆ ಹುಚ್ಚ, ಸ್ವಂತ ಸ್ಟಡ್ ಫಾರ್ಮ್ ಇದ್ದವರು, ಕಾರಿನ ಬಿಡಿಭಾಗ ಮಾಡಿ ದುಡ್ಡು ಕಂಡವರು. 1998ರಲ್ಲಿ ಸಾಂಟಾ ಅನಿಟಾದಿಂದ ಶುರುಮಾಡಿ ಗಲ್ಫ್‌ಸ್ಟ್ರೀಮ್, ಗೋಲ್ಡನ್ ಗೇಟ್, ಪಿಮ್ಲಿಕೊ, ಲಾರೆಲ್, ಲೋನ್ ಸ್ಟಾರ್ ಅಂತ ಸಿಕ್ಕಿದ್ದೆಲ್ಲ ಕೊಂಡರು. 2009ರ ಮಾರ್ಚ್‌ನಲ್ಲಿ ಅವರ ಕಂಪನಿ ಮ್ಯಾಗ್ನಾ ಎಂಟರ್‌ಟೇನ್‌ಮೆಂಟ್ ದಿವಾಳಿ ಅರ್ಜಿ ಹಾಕಿತು. ಪ್ರೀತಿಯಿಂದ ಸಾಲ ತೀರುವುದಿಲ್ಲವಲ್ಲ.

ಲಾಭದ ಆಸೆ ಇಲ್ಲದವರು? ಪುಟ್ಟಣ್ಣ ಹೊಗಳಿದ ನ್ಯೂಯಾರ್ಕ್‌ನವರೂ 2006ರಲ್ಲಿ ದಿವಾಳಿ ಅರ್ಜಿ ಹಾಕಿದ್ದರು. ಕೊನೆಗೆ ಕೋರ್ಸುಗಳ ನೆಲದ ಮೇಲಿನ ಹಕ್ಕನ್ನು ರಾಜ್ಯಕ್ಕೆ ಬಿಟ್ಟುಕೊಟ್ಟು 25 ವರ್ಷದ ಪರವಾನಗಿ ತೆಗೆದುಕೊಂಡರು. ಇಂಗ್ಲೆಂಡಿನ ಜಾಕಿ ಕ್ಲಬ್ 1750ರಿಂದ ಇದೆ, ಬಂದ ಲಾಭವನ್ನೆಲ್ಲ ರೇಸಿಗೇ ಹಾಕುತ್ತದೆ. ಆ ಕ್ಲಬ್ಬೇ 2017ರಲ್ಲಿ ಕೆಂಪ್ಟನ್ ಪಾರ್ಕನ್ನು ಮನೆ ಕಟ್ಟಲು ಮಾರುತ್ತೇವೆ ಎಂದಿತು. ಮಾರಲಿಲ್ಲ ಅನ್ನುವುದು ಬೇರೆ ಮಾತು. ಸಿಂಗಪುರದ ಟರ್ಫ್ ಕ್ಲಬ್ 1842ರದ್ದು, ಯಾವ ಶೇರುದಾರರೂ ಇಲ್ಲ. ಸರ್ಕಾರ ಜಾಗ ಬೇಕು ಅಂದಿತು, 2024ರ ಅಕ್ಟೋಬರ್ 5ಕ್ಕೆ ಕೊನೇ ರೇಸ್. ಅದೇ ವರ್ಷ ಏಪ್ರಿಲ್‌ನಲ್ಲಿ ಮಕಾವ್ ಕೂಡ ಮುಚ್ಚಿತ್ತು, ಅದು ಕಂಪನಿಯದು. ಆರ್ಲಿಂಗ್ಟನ್ ಇದ್ದ ಶಿಕಾಗೋದಲ್ಲೇ ಹಾಥಾರ್ನ್ ಎಂಬ ಕೋರ್ಸ್ ಒಂದು ಕುಟುಂಬದ ಕೈಲಿದೆ. 2019ರ ಅದೇ ಕಾನೂನು ಅವರಿಗೂ ಕ್ಯಾಸಿನೋ ಅವಕಾಶ ಕೊಟ್ಟಿತು, ಗ್ರ್ಯಾಂಡ್‌ಸ್ಟ್ಯಾಂಡ್ ಒಳಗೆಲ್ಲ ಕಿತ್ತು ಹಾಕಿದರು, ಕೆಲಸ ವರ್ಷಗಟ್ಟಲೆ ಅಲ್ಲೇ ನಿಂತಿತ್ತು.

ನಗರದ ಮಧ್ಯೆ ನೂರಾರು ಎಕರೆ ಹಸಿರು ಇದ್ದರೆ ಯಾರ ಹೆಸರಿನಲ್ಲಿದ್ದರೂ ಅದರ ಮೇಲೆ ಕಣ್ಣು ಬಿದ್ದೇ ಬೀಳುತ್ತದೆ.

ನಾಗಾಲೋಟ
ಹಾಗಾದರೆ ಸಿಡ್ನಿಯ ರೋಸ್‌ಹಿಲ್ ಏನಾಯಿತು ಹೇಳಿ. ಕ್ಲಬ್ಬಿನ ಆಡಳಿತದವರೇ 500 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಮಾರೋಣ, 25 ಸಾವಿರ ಮನೆ ಬರುತ್ತದೆ ಎಂದು ಹೊರಟರು. ಸರ್ಕಾರದ ಬೆಂಬಲವೂ ಇತ್ತು. 2025ರ ಮೇ ತಿಂಗಳಲ್ಲಿ ಸದಸ್ಯರ ಮತಕ್ಕೆ ಹಾಕಿದರು. ಶೇ. 56ರಷ್ಟು ಮಂದಿ ಬೇಡ ಎಂದರು, ಕಥೆ ಮುಗಿಯಿತು. 500 ಕೋಟಿ ಬೇಡ ಅಂದ ಜನ! ಅದು ಕಂಪನಿಯ ಬೋರ್ಡ್ ಆಗಿದ್ದರೆ ಮತ ಹಾಕುವವರು ಯಾರು, ಕುದುರೆಯ ಮುಖವನ್ನೇ ನೋಡದ ಮ್ಯೂಚುವಲ್ ಫಂಡಿನವರು.

ಫೋಟೋಫಿನಿಶ್
ಇದು ಒಳ್ಳೇ ಪಾಯಿಂಟ್. ಒಪ್ಪುತ್ತೇನೆ. ಮಾರಲು ಹೊರಟಿದ್ದು ಕ್ಲಬ್ಬೇ, ತಡೆದದ್ದೂ ಕ್ಲಬ್ಬೇ.

ಲೆಕ್ಕದಮೇಷ್ಟ್ರು
ನಾನೂ ಅರ್ಧ ಒಪ್ಪುತ್ತೇನೆ, ಬರೆದಿಟ್ಟುಕೊಳ್ಳಿ, ಅಪರೂಪ. ಲೆಕ್ಸಿಂಗ್ಟನ್‌ನ ಕೀನ್‌ಲ್ಯಾಂಡ್ 1936ರಿಂದ ಬಂದ ಲಾಭವನ್ನು ರೇಸಿಗೇ ಹಾಕಿಕೊಂಡು ಚೆನ್ನಾಗಿ ನಡೆಯುತ್ತಿದೆ. ಹಾಂಗ್‌ಕಾಂಗ್ ಜಾಕಿ ಕ್ಲಬ್ಬಂತೂ ಕೇಳುವುದೇ ಬೇಡ, ಲಾಭದ ದೊಡ್ಡ ಭಾಗ ಆಸ್ಪತ್ರೆ, ಶಾಲೆಗಳಿಗೆ ಹೋಗುತ್ತದೆ. ಆದರೆ ಕೀನ್‌ಲ್ಯಾಂಡ್‌ಗೆ ಕುದುರೆ ಹರಾಜಿನ ಆದಾಯ ಇದೆ, ಹಾಂಗ್‌ಕಾಂಗ್‌ನಲ್ಲಿ ರೇಸ್ ಬಾಜಿಗೆ ಒಬ್ಬರೇ ದಿಕ್ಕು. ಆ ಆಸರೆ ಇಲ್ಲದ ಸಾಧಾರಣ ಕೋರ್ಸನ್ನು ಯಾರು ನಡೆಸುತ್ತಾರೆ? ಆಗ ದುಡ್ಡಿನ ಚೀಲ ಹಿಡಿದು ಬರುವವನು ಕಂಪನಿಯವನೇ.

ಕಡಿವಾಣ
ನನಗೆ ಈಗ ಒಂದು ತೋಚುತ್ತಿದೆ. ನಾವು ‘ರೇಸ್ ಕೋರ್ಸ್’ ಅಂತ ಒಂದೇ ಪದ ಬಳಸುತ್ತಿದ್ದೇವೆ. ಕಂಪನಿಯವರ ಕಣ್ಣಿಗೆ ಅದು ಮೂರು ಬೇರೆ ಬೇರೆ ಸಾಮಾನು. ನೆಲ ಒಂದು, ಜೂಜಿನ ಲೈಸೆನ್ಸ್ ಒಂದು, ಹೆಸರು ಒಂದು. ಮೂರನ್ನೂ ಬಿಡಿಬಿಡಿಯಾಗಿ ಮಾರಬಹುದು, ಬಾಡಿಗೆಗೆ ಕೊಡಬಹುದು, ಇಟ್ಟುಕೊಳ್ಳಬಹುದು. ಕ್ಯಾಲ್ಡರ್‌ನಲ್ಲಿ ಜೂಜು ಉಳಿಸಿಕೊಂಡು ಓಟ ಬಿಟ್ಟರು. ಹಾಲಿವುಡ್ ಪಾರ್ಕ್‌ನಲ್ಲಿ ನೆಲದಲ್ಲಿ ಲಾಭ ಮಾಡಿದರು. ಪಿಮ್ಲಿಕೊ ಇನ್ನೂ ಮಜಾ. 2024ರಲ್ಲಿ ಕೋರ್ಸ್ ಮೇರಿಲ್ಯಾಂಡ್ ರಾಜ್ಯದ ಕೈಗೆ ಬಂತು, ರಿಪೇರಿ ಖರ್ಚೆಲ್ಲ ಸರ್ಕಾರದ್ದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಆದರೆ ಅಲ್ಲಿನ ದೊಡ್ಡ ರೇಸ್, 1873ರಿಂದ ನಡೆದು ಬಂದ ಪ್ರೀಕ್‌ನೆಸ್, ಅದರ ಹೆಸರಿನ ಹಕ್ಕು ಹಳೇ ಮಾಲೀಕರಾದ ಸ್ಟ್ರೋನಾಕ್ ಕಂಪನಿ ಹತ್ತಿರವೇ ಉಳಿಯಿತು, ರಾಜ್ಯ ಅದಕ್ಕೆ ವರ್ಷ ವರ್ಷ ಫೀ ಕಟ್ಟುವ ಒಪ್ಪಂದ.

ಟ್ರೈನರ್‌ಗೆ, ಲಾಯದವರಿಗೆ, ಪುಟ್ಟಣ್ಣನಂಥವರಿಗೆ ಈ ಮೂರೂ ಒಂದೇ ಜಾಗದಲ್ಲಿ ಇರಬೇಕು. ಬಿಡಿಸಿದರೆ ಅವರಿಗೆ ಏನೂ ಇಲ್ಲ. ಅದಕ್ಕೇ ನನ್ನ ಪ್ರಕಾರ ಮಾಲೀಕ ಯಾರು ಅಂತ ಕೇಳುವುದಕ್ಕಿಂತ, ಓಟ ನಿಲ್ಲಿಸಿದರೆ ಲೈಸೆನ್ಸೂ ಹೋಗುತ್ತದೆ ಎಂದು ಕಾನೂನಿನಲ್ಲಿ ಬರೆದಿದೆಯಾ ಅಂತ ಕೇಳಬೇಕು. ಬರೆದಿದ್ದರೆ ಕಂಪನಿಯವನೂ ಕುದುರೆಗೆ ಹುಲ್ಲು ಹಾಕುತ್ತಾನೆ.

ಲೆಕ್ಕದಮೇಷ್ಟ್ರು
ಬರೆದಿದ್ದರೂ ಅಳಿಸಲು ಶಾಸಕರ ಹತ್ತಿರ ಹೋಗುತ್ತಾರೆ. ಗಲ್ಫ್‌ಸ್ಟ್ರೀಮ್‌ನವರು ಫ್ಲೋರಿಡಾದಲ್ಲಿ 2025ರಲ್ಲಿ ಅದನ್ನೇ ಪ್ರಯತ್ನಿಸಿದರು, ಆ ಸಲ ಆಗಲಿಲ್ಲ.

ಪಂಟರ್‌ಪುಟ್ಟಣ್ಣ
‘ಆ ಸಲ’ ಅಂತೀರಲ್ಲ ಮೇಷ್ಟ್ರೇ, ಅಲ್ಲೇ ಎದೆ ಧಸಕ್ ಅನ್ನುತ್ತದೆ.

ಹುರುಳಿಕಾಳು
ಇಷ್ಟೊಂದು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಕಡಿವಾಣ ಅವರ ಮೂರನೇ ಸಾಮಾನು, ಹೆಸರು ಅಂದರಲ್ಲ, ಅದನ್ನು ಓದಿ ಒಂದು ನೆನಪಾಯಿತು. ಆರ್ಲಿಂಗ್ಟನ್ ಹೋಯಿತು, ಆದರೆ ಆರ್ಲಿಂಗ್ಟನ್ ಮಿಲಿಯನ್ ರೇಸ್ ಇದೆ! 2022ರಲ್ಲಿ ಚರ್ಚಿಲ್ ಡೌನ್ಸ್‌ನಲ್ಲಿ ಓಡಿಸಿದರು. 2023ರಿಂದ ವರ್ಜೀನಿಯಾದ ಕಲೋನಿಯಲ್ ಡೌನ್ಸ್‌ನಲ್ಲಿ, ಅದೂ ಅವರದೇ ಕೋರ್ಸ್. ಒಂದು ಸಲ ಲೈವ್ ಹಾಕಿಕೊಂಡು ಕೂತೆ. ಕುದುರೆಗಳು ಚೆನ್ನಾಗಿಯೇ ಓಡಿದವು. ಕಾಮೆಂಟರಿಯವರು ‘ಆರ್ಲಿಂಗ್ಟನ್’ ಅಂದಾಗಲೆಲ್ಲ ಹಿಂದೆ ಬೇರೆ ಮರಗಳು ಕಾಣುತ್ತಿದ್ದವು. ಅರ್ಧಕ್ಕೇ ಆಫ್ ಮಾಡಿದೆ.

ಗಿರಿಜಕ್ಕ
ಇದು ಮಾತ್ರ ನನಗೂ ಬೇಜಾರಾಯಿತು ಕಣಪ್ಪ.

ಫೋಟೋಫಿನಿಶ್
ಹುರುಳಿಕಾಳು ಅವರೇ, ಆಫ್ ಮಾಡಿದ್ದೇ ಒಳ್ಳೆಯದಾಯಿತು. ಅದರ ಬದಲು 1981ರ ಮೊದಲ ಮಿಲಿಯನ್ ರೇಸಿನ ವಿಡಿಯೋ ಹುಡುಕಿ ನೋಡಿ. ಜಾನ್ ಹೆನ್ರಿ ಮತ್ತು ದ ಬಾರ್ಟ್, ಮೂತಿಗೆ ಮೂತಿ. ಟಿವಿಯವರು ಮೊದಲು ದ ಬಾರ್ಟ್ ಗೆದ್ದಿತು ಎಂದೇ ತೋರಿಸಿಬಿಟ್ಟಿದ್ದರು. ಆಮೇಲೆ ಫೋಟೋ ನೋಡಿದರೆ ಜಾನ್ ಹೆನ್ರಿ. ಮರಿಯಾಗಿದ್ದಾಗ 1,100 ಡಾಲರ್‌ಗೆ ಹರಾಜಾದ ಕುದುರೆ ಅದು. ನನ್ನ ಈ ಅಡ್ಡಹೆಸರು ಬಂದದ್ದು ಅಲ್ಲಿಂದಲೇ.

ಸುಮ್ನೆಓದುಗ
ಈಗಷ್ಟೇ ನೋಡಿದೆ. ಮೂರು ಸಲ ನಿಲ್ಲಿಸಿ ನೋಡಿದರೂ ನನ್ನ ಕಣ್ಣಿಗೆ ದ ಬಾರ್ಟೇ ಗೆದ್ದ ಹಾಗಿದೆ!

ಪಂಟರ್‌ಪುಟ್ಟಣ್ಣ
ನಿಮಗೆ ಬಾಜಿ ಆಗಿ ಬರುವುದಿಲ್ಲ ಸಾರ್, ಬರೀ ಓದಿಕೊಂಡೇ ಇರಿ.